ಕೀಲೆಣ್ಣೆ ಹಚ್ಚಿದ ಸೈಕಲ್ಲು

ಆ ಕಾಲದಲ್ಲಿ ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ಇದ್ದದ್ದು ಇದ್ದಂತೆ ಹೇಳುತ್ತಿರಲಿಲ್ಲ. ಸತ್ತವರ ಊರಿನಿಂದ ಬಂದ ಆಳು ಕಟ್ಟೆಯ ಮೇಲೆ ಕೂತು, ಒಂದು ತಂಬಿಗೆ ನೀರು ಕುಡಿದು, ಅವರಿಗೆ ಸ್ವಲ್ಪ ಆರಾಮಿಲ್ಲ, ನೋಡಿ ಹೋಗಬೇಕಂತೆ ಎನ್ನುತ್ತಿದ್ದ. ಕೇಳಿದವರು ಅಲ್ಲಿಯೇ ಅಳಲು ಸುರುಮಾಡುತ್ತಿದ್ದರು. ಇದರಿಂದ ಆದ ಕೇಡೆಂದರೆ, ನಿಜವಾಗಿ ನೆಗಡಿ ಬಂದವರ ಸುದ್ದಿಗೂ ಮನೆಯಲ್ಲಿ ಗೋಳೇಳುತ್ತಿತ್ತು. ಚೆನ್ನಾಗಿದ್ದಾರೆ ಎಂದರಂತೂ ನಂಬುವವರೇ ಇರಲಿಲ್ಲ.

ನನಗೆ ಹದಿಮೂರು ತುಂಬಿದ ವರ್ಷ, ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ರಾಮದುರ್ಗದಲ್ಲಿ ಪ್ಲೇಗು ಕಾಣಿಸಿಕೊಂಡಿತು. ನನ್ನ ಅಕ್ಕ ಗಂಗವ್ವನನ್ನು ಕೊಟ್ಟದ್ದು ಅಲ್ಲಿಗೇ. ನಮ್ಮೂರು ಚಚಡಿಯಿಂದ ನಾವು ಹಾಕಿದ ಎರಡು ಕಾರ್ಡುಗಳಿಗೆ ಉತ್ತರ ಬರಲಿಲ್ಲ. ಮೂರನೆಯದು, ಮನೆಗೆ ಬೀಗ ಹಾಕಿದೆ ಎಂದು ಬರೆಸಿಕೊಂಡು ತಿರುಗಿ ಬಂತು. ಎರಡು ವರ್ಷದ ಹಿಂದೆ ಅಪ್ಪನನ್ನು ಒಯ್ದದ್ದೂ ಇದೇ ಬೇನೆ. ಅವ್ವ ಆ ಕಾರ್ಡನ್ನು ಗೂಡಿನಲ್ಲಿಟ್ಟು, ಅಂದಿನಿಂದ ರೊಟ್ಟಿ ಮುರಿಯುವುದನ್ನೇ ಬಿಟ್ಟಳು. ನೀರು, ಮಜ್ಜಿಗೆ, ಅಷ್ಟೇ.

ಗಾಡಿ ಹೂಡಲು ಊರಿನಲ್ಲಿ ಯಾರೂ ಒಪ್ಪಲಿಲ್ಲ. ಎತ್ತುಗಳು ಕೂರಿಗೆಯಲ್ಲಿವೆ ಎಂಬುದು ನೆವ, ಬೇನೆಯ ಊರಿಗೆ ಹೋಗುವ ಧೈರ್ಯವಿಲ್ಲ ಎಂಬುದು ನಿಜ. ಉಳಿದದ್ದು ಕಾಕಾನ ಸೈಕಲ್ಲು. ಕಾಕಾ ಸಾಲೆಯ ಮಾಸ್ತರ, ಊರಿಗೆಲ್ಲ ಅದೊಂದೇ ಸೈಕಲ್ಲು. ಆದರೆ ಕಾಲಿಗೆ ನಾರುಹುಣ್ಣಾಗಿ, ಹೊರಬಂದ ಹುಳದ ತುದಿಯನ್ನು ಕಡ್ಡಿಗೆ ಸುತ್ತಿಕೊಂಡು ಆತ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ. ಆ ಸೈಕಲ್ಲನ್ನು ಕದ್ದು ಕದ್ದು ಕಲಿತವನು ನಾನೊಬ್ಬನೇ. ಅದಕ್ಕಾಗಿ ಅದುವರೆಗೆ ಬಡಿಗೆಯ ರುಚಿ ತೋರಿಸಿದ್ದ ಕಾಕಾ, ಈಗ ಹುಡುಗ ಹುಷಾರಿದ್ದಾನೆ ಎಂದು ನಾಲ್ಕು ಮಂದಿಯ ಮುಂದೆ ಹೊಗಳಿದ.

ಹೊರಡುವ ಹಿಂದಿನ ಸಂಜೆ ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡಳು.

"ಬಾಯಿ ಮಾತು ನಾ ನಂಬಂಗಿಲ್ಲ," ಎಂದಳು. "ನೀನೂ ಸುಳ್ಳು ಹೇಳತಿ, ನನ್ನ ಮ್ಯಾಲಿನ ಮಾಯಾದಿಂದ. ಆಕಿ ಕೈಲೆ ಮಾಡಿದ್ದು ಏನರ ತಗೊಂಡು ಬಾ. ತಿಂದು ನೋಡತೇನಿ."

ಗಾಡಿಗಳ ಗಾಲಿ ರಿಪೇರಿ ಮಾಡುವ ಮುದುಕ ಇಮಾಮಸಾಬ ಅದೇ ಹೊತ್ತಿಗೆ ಕೀಲೆಣ್ಣೆಯ ಗಡಿಗೆ ಹಿಡಿದು ಬಂದ. ಸುಟ್ಟ ಹುಲ್ಲಿನ ಬೂದಿಯನ್ನು ಔಡಲೆಣ್ಣೆಯಲ್ಲಿ ಕಲಸಿ ಗಾಡಿಯ ಅಚ್ಚಿಗೆ ಹಚ್ಚುವ ಕರಿಯ ಎಣ್ಣೆ ಅದು. ದೂರದ ದಾರಿಗೆ ಯಾವ ಗಾಲಿಯೂ ಒಣಗಿ ಹೋಗಬಾರದು ಎಂದು ಸರಪಳಿಗೆ, ಗಾಲಿಯ ನಡುವಿಗೆ ಹಚ್ಚಿದ. ಬ್ರೇಕು ಕಿರ್ರ್ ಎನ್ನುತ್ತಿದ್ದುದನ್ನು ಕೇಳಿ ಪಾಪ, ಎಷ್ಟು ಒಣಗಿದೆ ಎಂದು ಅದಕ್ಕೂ ಧಾರಾಳವಾಗಿ ಮೆತ್ತಿದ. ಸದ್ದಡಗಿದ್ದು ನೋಡಿ ಕಾಕಾನೂ ಭೇಷ್ ಎಂದ. ಬ್ರೇಕಿಗೆ ಎಣ್ಣೆ ಹಚ್ಚಬಾರದೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬೆಳ್ಳಿ ಮೂಡುವಾಗ ಎರಡು ರೊಟ್ಟಿ, ಒಂದು ಉಳ್ಳಾಗಡ್ಡಿ ಕಟ್ಟಿಕೊಂಡು ಹೊರಟೆ. ಸೀಟಿನ ಮೇಲೆ ಕೂತರೆ ಕಾಲು ಮುಟ್ಟದು, ನಿಂತೇ ತುಳಿಯಬೇಕು. ಹಿಂದಿನ ವಾರದ ಮಳೆಗೆ ನೆನೆದ ಎರೆಮಣ್ಣು ಗಾಲಿಗೆ ಹಿಟ್ಟಿನಂತೆ ಅಂಟಿ, ಯರಗಟ್ಟಿ ಮುಟ್ಟುವುದರೊಳಗೆ ನಾಲ್ಕು ಸಲ ಇಳಿದು ಕಡ್ಡಿಯಿಂದ ಕೆತ್ತಿದೆ. ಯರಗಟ್ಟಿ ದಾಟಿ ಕಲ್ಲಿನ ನೆಲ ಬಂದಾಗ ಹಾಯೆನಿಸಿತು. ಆದರೆ ಕಲ್ಲಿನೊಂದಿಗೆ ಗುಡ್ಡವೂ ಬಂತು. ಬಿಸಿಲಿಗೆ ಕಾದ ಗಬಾಳಿ ಹುಲ್ಲಿನ ವಾಸನೆಯಲ್ಲಿ ಸೈಕಲ್ಲು ನೂಕುತ್ತ ಏರಿದೆ.

ನೆತ್ತಿಯ ಮೇಲೆ ನಿಂತು ಸುತ್ತ ನೋಡಿದಾಗ ನಾನು ಯಾಕೆ ಬಂದಿದ್ದೇನೆಂಬುದು ಒಂದು ಗಳಿಗೆ ಮರೆತೇ ಹೋಯಿತು, ಹೇಳಲು ನಾಚಿಕೆಯಾಗುತ್ತದೆ. ಕೂಗುತ್ತ ಇಳಿಜಾರಿಗೆ ಬಿಟ್ಟೆ. ಅರ್ಧಕ್ಕೆ ಬಂದು ಬ್ರೇಕು ಒತ್ತಿದೆ. ಅದು ಸದ್ದನ್ನೂ ಮಾಡಲಿಲ್ಲ, ಹಿಡಿಯಲೂ ಇಲ್ಲ. ಇಮಾಮಸಾಬನ ಎಣ್ಣೆ ತನ್ನ ಕೆಲಸ ಮಾಡಿತ್ತು. ಎದುರಿಗೆ ಕಲ್ಲಿನ ಹಳ್ಳ, ಬಲಕ್ಕೆ ಆಗತಾನೆ ಬಿತ್ತಿದ ಹೊಲ. ಕಣ್ಣು ಮುಚ್ಚಿ ಬಲಕ್ಕೆ ತಿರುಗಿಸಿದೆ. ಎದ್ದಾಗ ಬಾಯಿತುಂಬ ಮಣ್ಣು, ಮೊಣಕಾಲಿನಿಂದ ರಕ್ತ, ಮೈಯೆಲ್ಲ ಕೀಲೆಣ್ಣೆ. ಸೈಕಲ್ಲಿನ ಹ್ಯಾಂಡಲ್ಲು ಸೊಟ್ಟಗಾಗಿತ್ತು, ಗಾಲಿ ತಿರುಗುತ್ತಿತ್ತು. ಅದೇ ಮಣ್ಣಿನಿಂದ ಬ್ರೇಕನ್ನು ತಿಕ್ಕಿ ತಿಕ್ಕಿ ಒರೆಸಿದೆ. ಮುಂದೆ ಪ್ರತಿ ಇಳಿಜಾರಿನಲ್ಲೂ ಇಳಿದು ನಡೆದೆ.

ಕಟಕೋಳದ ಹತ್ತಿರ ಹೊಲದಲ್ಲಿದ್ದ ಹೆಣ್ಣುಮಗಳೊಬ್ಬಳು ನನ್ನ ಅವತಾರ ನೋಡಿ ಮಜ್ಜಿಗೆ ಕೊಡಲು ಬಂದಳು. ಯಾವೂರಿಗೆ ಎಂದು ಕೇಳಿದಳು. ಹೇಳಿದ್ದೇ ತಡ, ಗಡಿಗೆಯನ್ನು ಕಲ್ಲಿನ ಮೇಲಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದಳು. ಕುಡಿದೆ. ಆಮೇಲಿನ ದಾರಿ ನನಗೆ ಚೆನ್ನಾಗಿ ನೆನಪಿಲ್ಲ. ನೆಗ್ಗಿನಮುಳ್ಳು ಚುಚ್ಚಿ ಹಿಂದಿನ ಗಾಲಿಯ ಗಾಳಿ ಹೋದದ್ದು, ಅದನ್ನು ಹಾಗೇ ನೂಕಿಕೊಂಡು ನಡೆದದ್ದು ಮಾತ್ರ ಗೊತ್ತು.

ರಾಮದುರ್ಗ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಪೇಟೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಬಿಸಿಲಿಗೆ ಸೋಂಕು ಹೋಗಲೆಂದು ಮನೆಗಳ ಹೆಂಚು ತೆಗೆದಿದ್ದರು, ಬಿಸಿಲು ನೇರವಾಗಿ ಅಡುಗೆಮನೆಗೆ ಬೀಳುತ್ತಿತ್ತು. ಅಕ್ಕನ ಮನೆಯ ಬೀಗ ಹಿಡಿದು ಜಗ್ಗಿದೆ, ಅಕ್ಕಾ ಎಂದು ಕೂಗಿದೆ. ಒಂದು ಊರಿಗೆ ಊರೇ ಸತ್ತುಹೋಗಿದೆ ಎಂದುಕೊಂಡೆ. ಅವ್ವನಿಗೆ ಏನು ಒಯ್ಯಲಿ ಎಂದು ಕಟ್ಟೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಓಣಿ ಕಾಯಲು ಬಿಟ್ಟಿದ್ದ ವಾಲೀಕಾರನೊಬ್ಬ ಆ ದನಿ ಕೇಳಿ ಬಂದ. ನಾನು ಯಾರು, ಯಾರ ಮನೆಗೆ ಬಂದವನು ಎಂದೆಲ್ಲ ಕೇಳಿ ತಿಳಿದುಕೊಂಡು ಕೋಲಿನಿಂದ ದೂರಕ್ಕೆ ತೋರಿಸಿದ.

"ಊರು ಸತ್ತಿಲ್ಲೋ ತಮ್ಮಾ. ಇಲಿ ಸತ್ತು ಬಿದ್ದುವಂತ ಹೊಲಕ್ಕ ಹೋಗೇತಿ."

ಊರ ಹೊರಗಿನ ದಿನ್ನೆಯ ಮೇಲೆ ನೂರಾರು ಗುಡಿಸಲು, ಒಲೆಗಳ ಹೊಗೆ, ಕುಂಟೆಬಿಲ್ಲೆ ಆಡುವ ಹುಡುಗಿಯರು. ಅಂಚೆಯವ ಬಂದದ್ದು ಬೀಗ ಹಾಕಿದ ಊರಿಗೆ. ಊರು ಇಲ್ಲಿ ಕೂತು ರೊಟ್ಟಿ ಬಡಿಯುತ್ತಿತ್ತು. ಮೂರನೆಯ ಸಾಲಿನಲ್ಲಿ ಅಕ್ಕ ಬೆನ್ನು ತಿರುವಿ ಕೂತಿದ್ದಳು. ತಿರುಗಿ ನೋಡಿದವಳಿಗೆ ಕರಿ ಮೋರೆಯ ನನ್ನ ಗುರುತು ಹತ್ತಲಿಲ್ಲ. ಗುರುತು ಹತ್ತಿದ ಮೇಲೆ ಹಿಟ್ಟಿನ ಕೈಯಿಂದಲೇ ಬೆನ್ನಿಗೆ ಒಂದು ಕೊಟ್ಟಳು.

"ಇಂಥಾ ಊರಿಗೆ ನಿನ್ನ ಕಳಿಸಾಕ ಅವ್ವಗ ತಲಿ ಕೆಟ್ಟೈತೇನು?"

ಆ ಪೆಟ್ಟಿನಷ್ಟು ಸುಖ ಕೊಟ್ಟದ್ದು ನನ್ನ ಬಾಳಿನಲ್ಲಿ ಕಡಿಮೆ. ಅಳುತ್ತ ನಗುತ್ತ ಆಕೆಯ ಮುಂದೆ ಕೂತುಬಿಟ್ಟೆ. ಅಕ್ಕನ ಗಂಡ, ನಮ್ಮ ಮಾವ, ಗಾಳಿ ಹೋದ ಗಾಲಿಯಲ್ಲಿ ಹುಲ್ಲು ತುರುಕಿ ಸೈಕಲ್ಲನ್ನು ಹೋಗುವಂತೆ ಮಾಡಿಕೊಟ್ಟ. ಅಕ್ಕ ಗುರೆಳ್ಳು ಹುರಿದು, ಬೆಳ್ಳುಳ್ಳಿ ಹಾಕಿ ಕುಟ್ಟಿ, ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿ ಮಾಡಿ ಬಟ್ಟೆಯಲ್ಲಿ ಕಟ್ಟಿದಳು.

ಮರುದಿನ ಸಂಜೆ ಅವ್ವ ಆ ಗಂಟನ್ನು ಬಿಚ್ಚಿ ಮೊದಲು ಮೂಸಿದಳು. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟುಕೊಂಡು ಚಪ್ಪರಿಸಿದಳು. ಕಾಕಾ, ನಾನು, ಬಾಗಿಲಲ್ಲಿ ನಿಂತ ಇಮಾಮಸಾಬ, ಮೂವರೂ ಆಕೆಯ ಬಾಯನ್ನೇ ನೋಡುತ್ತಿದ್ದೆವು.

"ಇನ್ನೂ ಉಪ್ಪು ಹೆಚ್ಚಽ ಹಾಕತಾಳ," ಎಂದಳು ಅವ್ವ. ಹಾಗೆಂದು ಬುಟ್ಟಿಯಿಂದ ರೊಟ್ಟಿ ತೆಗೆದು ಮುರಿದಳು.

ಅಕ್ಕ ಆಮೇಲೆ ನಲವತ್ತು ವರ್ಷ ಬಾಳಿದಳು. ಆಕೆ ಹೋದ ದಿನ ತಾಸಿನೊಳಗೆ, ಇದ್ದದ್ದು ಇದ್ದಂತೆ ಬರೆದ ತಾರು ನನಗೆ ಬಂತು. ಮೋಟಾರು ಎರಡು ತಾಸಿನಲ್ಲಿ ನನ್ನನ್ನು ರಾಮದುರ್ಗಕ್ಕೆ ಮುಟ್ಟಿಸಿತು. ಕಿಡಕಿಯ ಪಕ್ಕ ಕೂತಿದ್ದೆ, ಗುಡ್ಡ ಏರಿದ್ದೂ ಇಳಿದದ್ದೂ ತಿಳಿಯಲಿಲ್ಲ. ರಸ್ತೆ ಸುಧಾರಿಸಿದ್ದನ್ನು ಹಳಿಯುವ ಮನುಷ್ಯ ನಾನಲ್ಲ. ಆದರೆ ಆ ಎರಡು ತಾಸು ನನಗೆ ಆಸೆಪಡಲು ಏನೂ ಉಳಿದಿರಲಿಲ್ಲ. ಹದಿಮೂರರ ವಯಸ್ಸಿನಲ್ಲಿ ನಿಂತು ಪೆಡಲು ತುಳಿದ ಆ ಇಡೀ ಹಗಲು, ಕೊನೆಯ ತಿರುವಿನವರೆಗೂ, ಅಕ್ಕ ಬದುಕಿರಬಹುದು ಎಂಬ ಆಸೆ ನನ್ನ ಜೊತೆಗಿತ್ತು.