ಬಾಗಿಲ ಮೇಲೆ ಬಂದ ಬಚ್ಚಿಟ್ಟ ಸಾಲು

ಯಂತ್ರ ನಿಂತಿತು. ಕಾರ್ಖಾನೆಯ ಮಾಲೀಕರು ಮರದ ಹೊಟ್ಟನ್ನು ಊದಿ, ಕನ್ನಡಕ ಏರಿಸಿ, ಹೊಸ ಬಾಗಿಲಿನ ನಟ್ಟನಡುವೆ ಕೆತ್ತಿದ್ದನ್ನು ಒಂದನೇ ತರಗತಿಯ ಮಗುವಿನ ಹಾಗೆ ಬಿಡಿಸಿ ಬಿಡಿಸಿ ಓದಿದರು: ‘ದಪ್ಪ ಮೂವತ್ತೈದು ಮಿಲಿಮೀಟರ್. ನಮ್ಮ ಮಾಲೀಕರ ತಲೆಗಿಂತ ಸ್ವಲ್ಪ ಕಡಿಮೆ.’

ಮೂರು ಮಿಲಿಮೀಟರ್ ಆಳ. ಒಂದು ಒತ್ತಕ್ಷರ ಬಿಟ್ಟುಹೋಗಿಲ್ಲ, ಒಂದು ಕೊಂಬು ಮುರಿದಿಲ್ಲ. ನಮ್ಮ ಕಾನ್ವೆಂಟ್ ಶಾಲೆಯ ಸಿಸ್ಟರುಗಳು ನೋಡಿದ್ದರೆ ಅಕ್ಷರಕ್ಕೆ ಪೂರ್ತಿ ಅಂಕ ಕೊಟ್ಟು, ಅರ್ಥಕ್ಕೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಆ ಸಾಲನ್ನು ಅಷ್ಟು ಅಂದವಾಗಿ ಯಂತ್ರಕ್ಕೆ ತಲುಪಿಸಿದವರು ನಮ್ಮ ಅತ್ತಿಗೆ. ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ಯಂತ್ರಗಳಿಗೆ ಸಾಫ್ಟ್‌ವೇರ್ ಮಾಡುವ ಪುಟ್ಟ ಆಫೀಸಿನಲ್ಲಿ ಹದಿಮೂರು ವರ್ಷದಿಂದ ಅವರದು ಒಂದೇ ಕೆಲಸ: ಬೇರೆ ಕಡೆ ಕಂಪ್ಯೂಟರಿನಲ್ಲಿ ಬರೆದ ಕ್ಯಾಡ್ ಡ್ರಾಯಿಂಗನ್ನು ತಮ್ಮ ಸಾಫ್ಟ್‌ವೇರಿಗೆ ಬರಮಾಡಿಕೊಳ್ಳುವುದು, ಅವರ ಮಾತಿನಲ್ಲಿ ‘ಇಂಪೋರ್ಟ್’. ‘ಬಾಡಿಗೆ ಮನೆ ಬದಲಾಯಿಸಿದ ಹಾಗೆ ಕಣೋ,’ ಎಂದು ನನಗೊಮ್ಮೆ ವಿವರಿಸಿದ್ದರು. ‘ಸಾಮಾನೆಲ್ಲ ಬಂದಿರುತ್ತೆ. ಆದರೆ ಯಾವುದೋ ಒಂದರ ಕಾಲು ಮುರಿದಿರುತ್ತೆ.’

ಸಾಫ್ಟ್‌ವೇರಿನ ಹಳೆಯ ವರ್ಷನ್ನಿನಲ್ಲಿ ದುಂಡಗಿನ ಗೆರೆ ಚೂರುಚೂರಾಗಿ ಬರುತ್ತಿತ್ತು, ಅಕ್ಷರಗಳಂತೂ ಬರುತ್ತಲೇ ಇರಲಿಲ್ಲ. ಅತ್ತಿಗೆ ಆರು ತಿಂಗಳು ಕೂತು ಎಲ್ಲವನ್ನೂ ಬರಿಸಿದರು. ಎಲ್ಲವನ್ನೂ ಎಂದರೆ ಎಲ್ಲವನ್ನೂ. ಡ್ರಾಯಿಂಗ್ ಎನ್ನುವುದು ಒಂದರ ಮೇಲೊಂದು ಹಾಸಿದ ಗಾಜಿನ ಹಾಳೆಗಳಂತೆ. ಒಂದೊಂದೂ ಒಂದು ಲೇಯರ್. ಬೇಡದ್ದನ್ನು ಕಣ್ಣಿಗೆ ಕಾಣದಂತೆ ಮರೆಮಾಡಿಡಬಹುದು. ಅತ್ತಿಗೆಯ ಹೊಸ ಇಂಪೋರ್ಟಿಗೆ ಆ ಮರೆಯೇ ಮರೆತುಹೋಗಿತ್ತು.

ಮರೆಯಲ್ಲಿ ಬರೆದಿಟ್ಟವರು ಕಾರ್ಖಾನೆಗೆ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಹತ್ತೊಂಬತ್ತು ವರ್ಷದ ಹಳಬರು, ಎಲ್ಲರೂ ಕರೆಯುವುದು ಅಳತೆ ಮೇಷ್ಟ್ರು ಎಂದು. ಅವರು ತಮ್ಮ ಬೂಟಿನ ತುದಿಯನ್ನೇ ಅಳೆಯುತ್ತಾ ನಿಂತಿದ್ದರು.

‘ಮೇಷ್ಟ್ರೇ, ನೀವಿನ್ನು ಕಂಪ್ಯೂಟರ್ ಮುಟ್ಟಬೇಡಿ,’ ಎಂದ ಮಾಲೀಕರು ಪಕ್ಕದಲ್ಲಿದ್ದ ಅತ್ತಿಗೆಯ ಕಡೆ ತಿರುಗಿದರು. ‘ಮೇಡಂ, ನೀವು ಇದನ್ನು ಸರಿಮಾಡಿಕೊಂಡು ಸೋಮವಾರ ಬನ್ನಿ. ನಿಮ್ಮ ಸಾಫ್ಟ್‌ವೇರ್ ಇರ್ಬೇಕಾ, ಇವರು ಇರ್ಬೇಕಾ, ಎರಡೂ ಅವತ್ತೇ ತೀರ್ಮಾನ ಆಗ್ಲಿ.’

ಅದು ಶುಕ್ರವಾರ. ಶನಿವಾರ ಬೆಳಿಗ್ಗೆ ಅತ್ತಿಗೆ ಹಲ್ಲುಜ್ಜುವ ಬ್ರಷ್ಷಿಗೆ ಅಣ್ಣನ ಶೇವಿಂಗ್ ಕ್ರೀಮ್ ಹಾಕಿಕೊಂಡರು. ತಿಂಡಿಯ ಮುಂದೆ ಕೂತರು, ತಿನ್ನಲಿಲ್ಲ.

‘ಬರೆದಿದ್ದು ಅವರು. ನೀನು ಬರೀ ಓದಿಸಿದೆ,’ ಎಂದ ಅಣ್ಣ.

‘ಓದಿಸಿದ್ರೆ ಅಳಿಸಬಹುದಿತ್ತು ರೀ. ಕೆತ್ತಿಸಿದೀನಿ.’

‘ಹೋಗ್ಲಿ, ಅವರಿಗೊಂದು ಫೋನ್ ಮಾಡು.’

ಮಾಡಿದರು. ಆ ಕಡೆಯಿಂದ ಮೇಷ್ಟ್ರ ದನಿ ನಿಧಾನವಾಗಿ ಬಂತು. ‘ಸ್ಟೋರ್‌ರೂಮಲ್ಲಿ ಸ್ಕ್ರೂ ಎಣಿಸೋ ಕೆಲಸ ಕೊಟ್ಟಿದಾರೆ ಮೇಡಂ. ನಾನೂರ ಹನ್ನೆರಡು ಆಗಿತ್ತು. ಪರವಾಗಿಲ್ಲ ಬಿಡಿ, ಒಂದರಿಂದ ಶುರು ಮಾಡ್ತೀನಿ.’

ಅತ್ತಿಗೆ ಫೋನಿಟ್ಟು ಕಂಪ್ಯೂಟರಿನ ಮುಂದೆ ಕೂತರು. ಮರೆಯಲ್ಲಿದ್ದದ್ದನ್ನು ತರಲೇಬೇಡ ಎಂದು ಒಂದು ಸಾಲು ಬರೆದರೆ ಮುಗಿಯಿತಲ್ಲ ಎಂದೆ. ಮುಗಿಯುವುದಿಲ್ಲವಂತೆ. ಎಷ್ಟೋ ಗಿರಾಕಿಗಳು ಪರದೆ ಗಿಜಿಗುಟ್ಟದಿರಲಿ ಎಂದು ಸ್ಕ್ರೂ ತೂತುಗಳ ಲೇಯರನ್ನೂ ಮರೆಮಾಡುತ್ತಾರೆ. ಅದನ್ನು ಬಿಟ್ಟರೆ ನಾಳೆ ತೂತಿಲ್ಲದ ಬಾಗಿಲು ಹೊರಬರುತ್ತದೆ. ಕೊನೆಗೆ ಅವರು ಮಾಡಿದ್ದು ಹೀಗೆ: ಡ್ರಾಯಿಂಗ್ ಒಳಗೆ ಬರುವಾಗ ಮರೆಯಲ್ಲಿರುವ ಲೇಯರುಗಳ ಹೆಸರಿನ ಪಟ್ಟಿಯೊಂದು ತೆರೆಯುತ್ತದೆ. ಟಿಕ್ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಭಾನುವಾರವೆಲ್ಲ ತಾವೇ ಗೀಚಿದ ಚೌಕ, ವೃತ್ತಗಳಲ್ಲಿ ಅದನ್ನು ಪರೀಕ್ಷಿಸಿದರು. ಮೇಷ್ಟ್ರ ಡ್ರಾಯಿಂಗನ್ನು ಮಾತ್ರ ಮತ್ತೆ ತೆರೆಯಲಿಲ್ಲ. ‘ಇನ್ನೊಬ್ಬರ ಡೈರಿ ಒಂದು ಸಲ ಬೀದಿಗೆ ಹಾಕಿದ್ದೇ ಸಾಕು,’ ಎಂದರು.

ಸೋಮವಾರ ಮಾಲೀಕರು, ‘ಆ ಹಳೇದು ಬೇಡ, ಇವತ್ತು ಕೊರೆಯೋದನ್ನೇ ತೆಗೀರಿ,’ ಎಂದು ಮೇಷ್ಟ್ರೇ ಬರೆದಿದ್ದ ಬೇರೊಂದು ಫೈಲು ತೋರಿಸಿದರು. ಮೇಷ್ಟ್ರನ್ನೂ ಸ್ಟೋರ್‌ರೂಮಿನಿಂದ ಕರೆಸಿದ್ದರು. ಅತ್ತಿಗೆ ಕ್ಲಿಕ್ ಮಾಡಿದರು. ಪಟ್ಟಿ ತೆರೆಯಿತು. ಆಗಲೇ ಅವರಿಗೆ ಹೊಳೆದದ್ದು: ಮರೆಯಲ್ಲಿರುವುದನ್ನು ಕೆತ್ತಬಾರದು ಎಂದೇ ಮಾಡಿದ ಪಟ್ಟಿ, ಮರೆಯಲ್ಲಿ ಏನಿದೆ ಎಂದು ಊರಿಗೆಲ್ಲ ಸಾರುತ್ತಿತ್ತು. ಮೂರನೆಯ ಹೆಸರು ‘ಮಾಲೀಕರ ತಪ್ಪುಗಳು’.

ಮಾಲೀಕರ ಬೆರಳು ಅಲ್ಲಿಗೇ ಹೋಯಿತು. ‘ಇದನ್ನು ತೆಗೆದು ತೋರಿಸಿ.’

‘ಬೇಡ ಸಾರ್. ಅದು ಬಚ್ಚಿಟ್ಟಿದ್ದು,’ ಎಂದರು ಅತ್ತಿಗೆ.

‘ನನ್ನ ತಪ್ಪನ್ನ ನನಗೇ ಬಚ್ಚಿಡೋದಾ? ತೆಗೀರಿ.’

ಅತ್ತಿಗೆ ಮೇಷ್ಟ್ರ ಕಡೆ ನೋಡಿದರು. ಮೇಷ್ಟ್ರು ಸೂರು ನೋಡಿದರು. ಟಿಕ್ ಬಿತ್ತು. ಕಪ್ಪು ಗೆರೆಯ ಬಾಗಿಲಿನ ಸುತ್ತ ಕೆಂಪು ಗೆರೆಯ ಇನ್ನೊಂದು ಬಾಗಿಲು ಮೂಡಿತು, ಪಕ್ಕದಲ್ಲಿ ಪುಟ್ಟ ಟಿಪ್ಪಣಿ: ‘ಮಾಲೀಕರು ಕೊಟ್ಟ ಅಗಲ 900. ಚೌಕಟ್ಟೂ 900. ಬಾಗಿಲು ಕೂರುವುದಿಲ್ಲ. 894 ಹಾಕಿದ್ದೇನೆ.’

ಮಾಲೀಕರು ಬಹಳ ಹೊತ್ತು ಓದಿದರು.

‘ಇಂಥವು ಎಷ್ಟಿವೆ ಮೇಷ್ಟ್ರೇ?’

‘ಎಣಿಸಿಲ್ಲ ಸಾರ್. ಸ್ಕ್ರೂ ಎಣಿಸ್ತಿದ್ದೆ.’

‘ಹೇಳೋಕೆ ಏನಾಗಿತ್ತು ನಿಮಗೆ?’

‘ಮೊದಲನೇ ವರ್ಷ ಒಂದು ಸಲ ಹೇಳಿದ್ದೆ ಸಾರ್. ನೀವು ಒಂದು ವಾರ ಮಾತಾಡಿಸಲಿಲ್ಲ.’

ಮಾಲೀಕರು ಕನ್ನಡಕ ತೆಗೆದು ಒರೆಸಿದರು. ಅದಕ್ಕೆ ಮರದ ಹೊಟ್ಟೇನೂ ಅಂಟಿರಲಿಲ್ಲ. ‘ಹೋಗಿ, ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ,’ ಎಂದು ಹೊರಗೆ ನಡೆದರು. ಸಾಫ್ಟ್‌ವೇರ್ ವಿಷಯ ಯಾರೂ ಎತ್ತಲಿಲ್ಲ.

ಸಂಜೆ ಅತ್ತಿಗೆ ಇದನ್ನೆಲ್ಲ ಹೇಳುತ್ತಾ ಮೂರು ದಿನದಲ್ಲಿ ಮೊದಲ ಸಲ ಹೊಟ್ಟೆತುಂಬ ಉಂಡರು. ಹೊರಡುವಾಗ ಮೇಷ್ಟ್ರು ಗೇಟಿನವರೆಗೂ ಬಂದಿದ್ದರಂತೆ.

‘ಥ್ಯಾಂಕ್ಸ್ ಹೇಳಿದ್ರಾ?’ ಎಂದ ಅಣ್ಣ.

‘ಇಲ್ಲ. ಹಳೇ ವರ್ಷನ್ನೇ ವಾಪಸ್ ಹಾಕಿಕೊಡಿ ಮೇಡಂ ಅಂದ್ರು. ಅದರಲ್ಲಿ ಗೆರೆ ಒಡೀತಿತ್ತು, ಗುಟ್ಟು ಒಡೀತಿರಲಿಲ್ಲ ಅಂತೆ.’

ನನಗೆ ಆ ಆರು ತಿಂಗಳು ನೆನಪಾಗಿ ಹೊಟ್ಟೆ ಉರಿಯಿತು. ‘ಅದಕ್ಕೆ ನೀವೇನಂದ್ರಿ ಅತ್ತಿಗೆ?’

‘ಅನ್ನೋದೇನು,’ ಎಂದರು ಅತ್ತಿಗೆ, ‘ಹಾಕಿಕೊಟ್ಟು ಬಂದೆ.’