ಖಾಲಿ ಡಬ್ಬಿ ಕೊಡದ ಅಕ್ಕ

ಹೋದ ವಾರ ಹಳೇ ಸೂಟ್‌ಕೇಸಿನ ಒಳಜೇಬಿಗೆ ಕೈ ಹಾಕಿದಾಗ ಒಂದು ಪುಟ್ಟ ಸೋಪು ಸಿಕ್ಕಿತು. ಹೋಟೆಲ್ ರೂಮುಗಳಲ್ಲಿ ಇಡುತ್ತಾರಲ್ಲ, ಬೆಂಕಿಪೊಟ್ಟಣದಷ್ಟೇ ಇರುವಂಥದ್ದು. ಸುತ್ತಿದ ಕಾಗದ ಹಳದಿಯಾಗಿದೆ, ನಿಂಬೆಹುಲ್ಲಿನ ಪರಿಮಳ ಮಾತ್ರ ಹೋಗಿಲ್ಲ. ಮೂಗಿಗೆ ಹಿಡಿದೆ... ಪಕ್ಕದ ಮನೆಯ ಅಕ್ಕ ಬಂದು ನಿಂತ ಹಾಗಾಯಿತು.

ಪರದೇಶದ ಈ ಎವರ್‌ಗ್ರೀನ್ ಬಡಾವಣೆಯಲ್ಲಿ ನಮ್ಮಿಬ್ಬರ ಹಿತ್ತಿಲಿಗೂ ಒಂದೇ ಮರದ ಬೇಲಿ. ಅವರು ಧಾರವಾಡದವರು. ಏರ್‌ಪೋರ್ಟ್ ಹತ್ತಿರದ ದೊಡ್ಡ ಹೋಟೆಲೊಂದರ ಹಣಕಾಸು ವಿಭಾಗದಲ್ಲಿ ಮುಖ್ಯಸ್ಥರ ಕೆಳಗಿನ ಹುದ್ದೆ ಅವರದು. ಹೋಟೆಲಲ್ಲಿ ಕೆಲಸ ಅಂದರೆ ನಮ್ಮ ಜನಕ್ಕೆ ನಗು. ಅರಿಶಿನ ಕುಂಕುಮಕ್ಕೆ ಬಂದವರೊಬ್ಬರು, "ದೋಸೆ ಹಾಕ್ತೀರೋ, ಬಿಲ್ ಬರೀತೀರೋ?" ಅಂದಿದ್ದರು. "ದೋಸಿ ಹಾಕೋರಿಗೆ ಪಗಾರ ಕೊಡಾಕಿ ನಾನ ನೋಡ್ರಿ," ಅಂದರು ಅಕ್ಕ, ಉಂಡೆ ಮುರಿಯುತ್ತಾ.

ತಿಂಗಳ ಕೊನೆಗೆ ಲೆಕ್ಕ ಮುಗಿಸುವ ದಿನಗಳಲ್ಲಿ ಅವರಿಗೆ ಅಡುಗೆಗೆ ಪುರಸೊತ್ತೇ ಇರುತ್ತಿರಲಿಲ್ಲ. ನಾನು ಬೇಲಿಯ ಮೇಲಿಂದ ಹುಳಿಯ ಡಬ್ಬಿ ದಾಟಿಸುತ್ತಿದ್ದೆ. ವಾಪಸ್ಸು ಬರುವಾಗ ತೊಳೆದ ಡಬ್ಬಿಯಲ್ಲಿ ಸಪ್ಲೈಯರ್ ಕೊಟ್ಟ ಸ್ಯಾಂಪಲ್ ಸೋಪು ಇರುತ್ತಿತ್ತು. "ಖಾಲಿ ಡಬ್ಬಿ ಹ್ಯಾಂಗ ಕೊಡೂದು?"

ಒಂದು ಸಂಜೆ ಅವರು ಡಬ್ಬಿ ಇಲ್ಲದೆ ಬಂದರು. ಅವರೇ ಕೆಲಸ ಕಲಿಸಿದ ಹುಡುಗನೊಬ್ಬ ಅದೇ ಕಂಪನಿಯ ಇನ್ನೊಂದು ಹೋಟೆಲಿಗೆ ಹೋಗಿ ಇವರದೇ ಹುದ್ದೆಯಲ್ಲಿದ್ದ. ಕಂಪನಿಯ ಮೀಟಿಂಗಿನ ದಿನ ಊಟದ ಟೇಬಲ್ಲಿನಲ್ಲಿ, ಇವರಿಗೂ ಅಷ್ಟೇ ಇರುತ್ತದೆ ಅಂದುಕೊಂಡು, ತನ್ನ ಸಂಬಳ ಹೇಳಿಬಿಟ್ಟಿದ್ದ. ಇವರದಕ್ಕಿಂತ ಎಷ್ಟೋ ಹೆಚ್ಚು. "ಅವಂದೇನ ತಪ್ಪಿಲ್ರಿ," ಅಂದರು. ಅನ್ನುತ್ತಲೇ ನನ್ನ ಟೇಬಲ್ಲಿನ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು.

ಬಾಸ್ ಹತ್ತಿರ ಕೇಳಲೇಬೇಕು ಅಂತಾಯಿತು. "ನಿಮ್ದು ಕಾನ್ವೆಂಟ್ ಇಂಗ್ಲಿಷು. ನೀವ ಸಾಹೇಬ್ರಾಗ್ರಿ, ಪ್ರಾಕ್ಟೀಸ್ ಮಾಡೂಣು," ಅಂದರು ಅಕ್ಕ. ನಾನು ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತೆ. ಅಕ್ಕ ಪ್ರತಿ ಸಲವೂ "ಸಾರಿ ಟು ಟ್ರಬಲ್ ಯೂ" ಅಂತಲೇ ಶುರುಮಾಡುವರು. ನಗುವರು. ಮತ್ತೆ ಅದೇ. ನಮಗೂ ಕಾನ್ವೆಂಟಿನ ಸಿಸ್ಟರುಗಳು ಹಾಗೇ ಕಲಿಸಿದ್ದು... ನೀರು ಕುಡಿಯಲು ಹೋಗುವುದಕ್ಕೂ ಮೊದಲು ಸಾರಿ.

ಕೇಳಲು ಹೋಗುವ ದಿನ ಬೆಳಿಗ್ಗೆ ನೋಡಿದರೆ ಅಕ್ಕನ ಕಾರಿನ ಮುಂದಿನ ಸೀಟಿನಲ್ಲಿ ಪೇಢಾ ಡಬ್ಬಿ!

"ಇದ್ಯಾಕಕ್ಕಾ?"

"ಕೇಳಾಕ ಹೊಂಟೇನಿ. ಬರಿಗೈಲೆ ಹ್ಯಾಂಗ ಹೋಗೂದು?"

ಬಾಸ್ ಡಬ್ಬಿ ತೆಗೆದು, ಯಾವ ಹಬ್ಬ ಅಂತ ಕೇಳಿ, ಆಫೀಸಿನವರನ್ನೆಲ್ಲ ಕರೆದು ಹಂಚಿದರಂತೆ. ಎಲ್ಲರ ಬಾಯಿ ಸಿಹಿ. ಅಷ್ಟು ಜನರ ಮುಂದೆ ಸಂಬಳದ ವಿಷಯ ಎತ್ತಲಾಗದೆ ಅಕ್ಕ ಖಾಲಿ ಡಬ್ಬಿ ಹಿಡಿದು ವಾಪಸ್ಸು ಬಂದರು.

ಮುಂದಿನ ತಿಂಗಳು ಬರಿಗೈಲೇ ಹೋದರು. ಸಾರಿ ಹೇಳದೇ ಕೇಳಿದರು. ಬಾಸ್ ನಕ್ಕು, "ನೀವು ಇಲ್ಲಿ ತುಂಬಾ ಖುಷಿಯಾಗಿದ್ದೀರಿ ಅಂದ್ಕೊಂಡಿದ್ದೆ. ಸ್ವೀಟ್ ಬೇರೆ ತಂದಿದ್ರಿ!" ಅಂದರಂತೆ. ಸ್ವಲ್ಪ ಏರಿಸಿದರು. ಆ ಹುಡುಗನ ಸಂಬಳದ ಹತ್ತಿರಕ್ಕೂ ಬರಲಿಲ್ಲ. ಬಾಸ್‌ನ ನಗೆಯನ್ನು ನಮ್ಮ ಅಡುಗೆಮನೆಯಲ್ಲಿ ಅಣಕಿಸಿ ತೋರಿಸಿದ ಅಕ್ಕ, ನಡುವೆಯೇ ನಿಲ್ಲಿಸಿ, ಸಿಂಕಿನಲ್ಲಿದ್ದ ನನ್ನ ಪಾತ್ರೆ ತೊಳೆಯತೊಡಗಿದರು. ನಾನು ಪಕ್ಕದಲ್ಲಿ ನಿಂತು ಒರೆಸಿ ಇಟ್ಟೆ.

ಆ ವರ್ಷವೇ ಅವರು ಫೀನಿಕ್ಸಿಗೆ ಹೋದರು, ಇದಕ್ಕಿಂತ ಚಿಕ್ಕ ಹೋಟೆಲಿಗೆ, ಆದರೆ ಮುಖ್ಯಸ್ಥರಾಗಿ. ಅಲ್ಲಿ ಎಷ್ಟು ಕೊಡುತ್ತಾರೆ ಅಂತ ಫೋನಿನಲ್ಲಿ ಎಷ್ಟೋ ಸಲ ನಾಲಿಗೆ ತುದಿಗೆ ಬಂತು. ಗಂಡಂದಿರ ಪ್ಯಾಕೇಜು ಕೇಳಲು ಸಂಕೋಚಪಡದ ನಾವು ಹೆಂಗಸರ ಸಂಬಳ ಕೇಳುವುದಿಲ್ಲ ನೋಡಿ. ಹೋದ ವರ್ಷ ಅಕ್ಕ ತೀರಿಕೊಂಡ ಸುದ್ದಿ ಬಂತು. ಆ ಪ್ರಶ್ನೆ ನನ್ನಲ್ಲೇ ಉಳಿಯಿತು...

ಸೋಪು ಕೈಯಲ್ಲಿ ಹಿಡಿದು ಮಗಳ ರೂಮಿಗೆ ಹೋದೆ. ರೆಡ್‌ವುಡ್ ಸಿಟಿಯಲ್ಲಿ ಅವಳಿಗೆ ಮೊದಲ ಕೆಲಸದ ಆಫರು ಬಂದಿತ್ತು.

"ನಿನ್ನ ಜೊತೆ ಸೇರೋ ಹುಡುಗ್ರಿಗೆ ಎಷ್ಟು ಕೊಡ್ತಾರೆ, ಕೇಳ್ದೆಯಾ? ಬಾ, ಪ್ರಾಕ್ಟೀಸ್ ಮಾಡೋಣ. ನಾನೇ ಬಾಸು."

"ಅಮ್ಮಾ, ಐ ಆಲ್ರೆಡಿ ಸೆಡ್ ಯೆಸ್," ಅಂದಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ. "ದೇ ವರ್ ಸೋ ನೈಸ್."

ನೈಸ್... ಪೇಢಾ ತಿಂದವರೂ ನೈಸಾಗಿಯೇ ಇದ್ದರು.

ಕೂರಲಾಗಲಿಲ್ಲ. ಹಿತ್ತಿಲಿಗೆ ಬಂದು ಬೇಲಿಯ ಹತ್ತಿರ ನಿಂತೆ. ಆ ಕಡೆ ಈಗ ಯಾರದೋ ನಾಯಿ ಓಡಾಡುತ್ತದೆ. ಹೇಳಿಕೊಳ್ಳೋಣವೆಂದರೆ ಅಕ್ಕ ಇಲ್ಲ. ಮುಷ್ಟಿ ಬಿಚ್ಚಿದರೆ, ಸೋಪಿನ ಕಾಗದ ಬೆವರಿಗೆ ಒದ್ದೆಯಾಗಿ ಹರಿದಿತ್ತು.