ಡಾಕ್ಟರ್ ತಾತನೂ ಅತ್ತೆಯ ಕಾಲ್ಬೆರಳೂ

ನಾನು ಅಮೆರಿಕದಲ್ಲಿ ಚೀನೀ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದೆ ಎಂದು ಮೈಸೂರಿಗೆ ಫೋನ್ ಮಾಡಿ ಹೇಳಿದಾಗ ಅತ್ತೆ ಕೇಳಿದ ಮೊದಲ ಪ್ರಶ್ನೆ, "ಅವರು ಹಾವು ತಿಂತಾರಂತಲ್ಲೇ, ಹೌದಾ?" ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಡಾಕ್ಟರು ಮಧ್ಯಾಹ್ನ ತಿನ್ನುತ್ತಿದ್ದದ್ದು ಬೇಯಿಸಿದ ಕಡಲೆಕಾಯಿ. ಅಲ್ಲೂ ಅದನ್ನು ಉಪ್ಪು ಹಾಕಿ ಬೇಯಿಸಿ ರಸ್ತೆ ಬದಿ ಮಾರುತ್ತಾರೆ, ಥೇಟ್ ನಮ್ಮೂರಿನ ಹಾಗೆ. ಹಾಗಂತ ಹೇಳಿದರೆ, "ಸರಿ ಬಿಡು, ಅವರ ಹತ್ರ ತೋರಿಸ್ಕೊಳ್ಳೋ ಗ್ರಹಚಾರ ನಂಗೇನು" ಎಂದರು. ಗ್ರಹಚಾರ ಮುಂದಿನ ಏಪ್ರಿಲ್ ತಿಂಗಳಲ್ಲಿ ವಿಮಾನ ಹತ್ತಿಕೊಂಡು ಬಂತು.

ಅದು ತೊಂಬತ್ತರ ದಶಕದ ನಡುಭಾಗ. ಕ್ಲಿನಿಕ್ ಇದ್ದದ್ದು ರಾಲಿಯಿಂದ ಮುಕ್ಕಾಲು ಗಂಟೆ ದೂರದ, ತಂಬಾಕಿನ ಹೊಲಗಳ ನಡುವಿನ ಊರಿನಲ್ಲಿ. ಡಾಕ್ಟರಿಗೆ ಎಪ್ಪತ್ತು ದಾಟಿತ್ತು. ಹುಟ್ಟಿದ್ದು ಜಾರ್ಜಿಯಾದಲ್ಲಿ, ಅವರಪ್ಪ ಚೀನಾದಿಂದ ಬಂದು ಅಲ್ಲೊಂದು ದಿನಸಿ ಅಂಗಡಿ ಇಟ್ಟಿದ್ದರು. ಅಂಗಡಿಯ ಹಿಂದೆ ಅಕ್ಕಿಮೂಟೆಯ ಮೇಲೆ ಕೂತು ಓದಿದ ಮಗ ಡಾಕ್ಟರಾಗಿ ಈ ಊರಿಗೆ ಬಂದಾಗ, ಪೇಷೆಂಟುಗಳು ಇವರ ಮುಖ ನೋಡಿ, "ಡಾಕ್ಟರ್ ಎಲ್ಲಿ?" ಎನ್ನುತ್ತಿದ್ದರಂತೆ. ಇವರು "ಕೂತ್ಕೊಳ್ಳಿ, ಕರೀತೀನಿ" ಎಂದು ಒಳಗೆ ಹೋಗಿ, ಬಿಳಿ ಕೋಟು ಹಾಕಿಕೊಂಡು ಬಂದು, "ಹೇಳಿ, ಏನಾಗಿದೆ?" ಎನ್ನುತ್ತಿದ್ದರಂತೆ. ಅರ್ಧ ಜನ ನಕ್ಕು ಅಲ್ಲೇ ಕೂತರು. ಉಳಿದರ್ಧ ಜನ ಮುಖ ತಿರುಗಿಸಿಕೊಂಡು ಹೋಗಿ, ಜ್ವರ ಏರಿದ ಮೇಲೆ ವಾಪಸ್ ಬಂದರು. ನಾನು ಸೇರುವ ಹೊತ್ತಿಗೆ ಅವರು ಹೆರಿಗೆ ಮಾಡಿಸಿದ ಮಕ್ಕಳ ಮಕ್ಕಳು ಕೆಮ್ಮು ನೆಗಡಿ ಎಂದು ಬರುತ್ತಿದ್ದರು. ಸ್ವಂತ ಮೊಮ್ಮಕ್ಕಳು ಅಟ್ಲಾಂಟಾದಲ್ಲಿದ್ದರೂ ಇಡೀ ಊರಿಗೇ ಅವರು ತಾತ. ಅವರ ಇಂಗ್ಲಿಷ್ ಆ ಕಡೆಯ ರೈತರ ಇಂಗ್ಲಿಷ್, ಎಳೆದೂ ಎಳೆದೂ ಆಡುವಂಥದ್ದು. ಮೊದಲ ತಿಂಗಳು ಅವರದು ನನಗೆ ತಿಳಿಯಲಿಲ್ಲ, ನನ್ನದು ಅವರಿಗೆ ತಿಳಿಯಲಿಲ್ಲ. ಇಬ್ಬರೂ ನಗುತ್ತ ತಲೆಯಾಡಿಸಿಕೊಂಡು ಕ್ಲಿನಿಕ್ ನಡೆಸಿದೆವು.

ಅತ್ತೆ ಆರು ತಿಂಗಳಿಗೆಂದು ಬಂದಿದ್ದರು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ವಾಕಿಂಗ್ ಹೋಗಲಿ ಎಂದು ನನ್ನ ಗಂಡ ಅಮ್ಮನಿಗೆ ಬಿಳಿ ಶೂ ಕೊಡಿಸಿದರು. ಅತ್ತೆ ಸಾಕ್ಸ್ ಇಲ್ಲದೆ, ಕಾಲುಂಗುರದ ಮೇಲೆಯೇ ಶೂ ತೊಟ್ಟು ನಾಲ್ಕು ದಿನ ಊರು ಸುತ್ತಿದರು. ಉಂಗುರ ಒತ್ತಿ ಎಡಗಾಲಿನ ಬೆರಳಿನಲ್ಲಿ ಗಾಯವಾಯಿತು. ಹೇಳಬಾರದೇ? ಹೇಳಿದರೆ ಮಗ ಬೇಜಾರು ಮಾಡಿಕೊಳ್ಳುತ್ತಾನಂತೆ! ಅರಿಶಿನ ಮೆತ್ತಿ ಮುಚ್ಚಿಟ್ಟರು. ಬಾಡಿಗೆ ಮನೆಯ ಬಿಳಿ ಕಾರ್ಪೆಟ್ ತುಂಬ ಹಳದಿ ಗುರುತು ಕಂಡು ನಾನು ಕಿರುಚಿದ ಮೇಲೆಯೇ ವಿಷಯ ಹೊರಬಿದ್ದದ್ದು. ಬೆರಳು ಅಷ್ಟರಲ್ಲಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಡಾಕ್ಟರು ನೆಲದ ಮೇಲೆ ಕೂತು ಅತ್ತೆಯ ಪಾದವನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅತ್ತೆ ಹೌಹಾರಿದರು. "ಅಯ್ಯೋ, ವಯಸ್ಸಾದವರು ನನ್ನ ಕಾಲು ಮುಟ್ತಾರಲ್ಲೇ! ಪಾಪ ಯಾರಿಗೆ ಸುತ್ಕೊಳ್ಳುತ್ತೆ?" ಹಾವಿನ ಮಾತು ಆ ಕ್ಷಣವೇ ಮರೆತುಹೋಯಿತು, ಅವತ್ತಿನಿಂದ ಅವರು ಡಾಕ್ಟರಪ್ಪ. ಆದರೆ ಡಾಕ್ಟರಪ್ಪ ಉಂಗುರ ತೆಗೆಯಬೇಕು ಎಂದಾಗ, "ಯಜಮಾನರು ಇರೋವಾಗ್ಲೇ?" ಎಂದು ಅತ್ತೆ ಪಾದ ಹಿಂದಕ್ಕೆಳೆದುಕೊಂಡರು. ನಾನು ಇಬ್ಬರ ಮಧ್ಯೆ ನಿಂತು ಅರ್ಧ ಗಂಟೆ ಸಂಧಾನ ಮಾಡಿದೆ. ಕೊನೆಗೆ ಉಂಗುರವನ್ನು ಪಕ್ಕದ ಬೆರಳಿಗೆ ವರ್ಗ ಮಾಡಿದೆವು.

ಸಕ್ಕರೆ ಇಳಿಯದೆ ಗಾಯ ಮಾಯುವುದಿಲ್ಲ ಎಂದು ಡಾಕ್ಟರು ಅತ್ತೆಯ ಕೈಗೊಂದು ನೋಟ್‌ಬುಕ್ ಕೊಟ್ಟರು. ಬಾಯಿಗೆ ಹಾಕಿದ್ದೆಲ್ಲ ಅದರಲ್ಲಿ ಬರೆಯಬೇಕು. ಅತ್ತೆ ಮುತ್ತಿನಂಥ ಅಕ್ಷರದಲ್ಲಿ ಬರೆದರು: ರಾಗಿ ಗಂಜಿ ಒಂದು ಲೋಟ, ಚಪಾತಿ ಎರಡು, ಹುರುಳಿಕಾಯಿ ಪಲ್ಯ, ಮಜ್ಜಿಗೆ. ನಾನು ಇಂಗ್ಲಿಷಿಗೆ ಇಳಿಸಿದೆ. ಇಷ್ಟು ಶಿಸ್ತಿನ ಪೇಷೆಂಟ್ ತಮಗೆ ಸಿಕ್ಕೇ ಇಲ್ಲ ಎಂದು ಡಾಕ್ಟರು ಹೊಗಳಿದರು. ಸಕ್ಕರೆ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಮಾತ್ರೆ ಹೆಚ್ಚಿಸಿದರು, ಅದಕ್ಕೂ ಜಗ್ಗಲಿಲ್ಲ. ಎರಡು ವಾರವಾದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಮುಂದಿನ ಶುಕ್ರವಾರದೊಳಗೆ ಗಾಯ ತಿರುಗದಿದ್ದರೆ ಸರ್ಜನ್ ಹತ್ತಿರ ಕಳಿಸುತ್ತೇನೆ, ಬೆರಳು ತೆಗೆಯಬೇಕಾಗುತ್ತದೆ ಎಂದರು. ಕಾರಿನಲ್ಲಿ ಅತ್ತೆಗೆ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು. "ಎಷ್ಟೊಂದು ಬೆರಳಿದ್ವಲ್ಲೇ. ಉಂಗುರದ ಬೆರಳೇ ಬೇಕಿತ್ತಾ?" ಅಷ್ಟೇ ಅಂದರು.

ಆ ಶನಿವಾರ ಡಾಕ್ಟರು ಕ್ಲಿನಿಕ್ ಮುಗಿಸಿ, ಬ್ಯಾಂಡೇಜ್ ಬದಲಾಯಿಸಲು ತಾವೇ ನಮ್ಮ ಮನೆಗೆ ಬಂದರು. ಅತ್ತೆ ಕುಂಟುತ್ತಲೇ ಒಳಗೆ ಹೋಗಿ, ತುಪ್ಪ ಸುರಿಯುವ ರವೆ ಸಜ್ಜಿಗೆಯನ್ನು ಎರಡು ಬಟ್ಟಲಲ್ಲಿ ತಂದರು. ಒಂದನ್ನು ಅವರಿಗೆ ಕೊಟ್ಟು, ಇನ್ನೊಂದನ್ನು ತಾವು ಕಣ್ಣಿಗೊತ್ತಿಕೊಂಡು ತಿನ್ನತೊಡಗಿದರು. ಡಾಕ್ಟರ ಚಮಚ ಅರ್ಧದಲ್ಲೇ ನಿಂತಿತು.

"ಇದೇನು?"

"ಪ್ರಸಾದ," ಎಂದೆ. "ದೇವರ ಮುಂದೆ ಇಟ್ಟು ಆಮೇಲೆ ನಾವು ತಿಂತೀವಿ."

"ಎಷ್ಟು ದಿನಕ್ಕೊಂದ್ಸಲ?"

"ದಿನಾ ಅಂತ ಹೇಳೇ," ಅತ್ತೆ ಹೆಮ್ಮೆಯಿಂದ ಎಂದರು. "ಸೋಮವಾರ ಸಿಹಿ ಅವಲಕ್ಕಿ, ಗುರುವಾರ ಹೆಸರುಬೇಳೆ ಪಾಯಸ, ಶನಿವಾರ ಸಜ್ಜಿಗೆ. ಒಂದು ದಿನಾನೂ ತಪ್ಪಿಸಿಲ್ಲ."

"ಮತ್ತೆ ಪುಸ್ತಕದಲ್ಲಿ ಯಾಕೆ ಬರೆದಿಲ್ಲ?"

ಅತ್ತೆ ಅವರನ್ನು ಮರುಕದಿಂದ ನೋಡಿದರು. "ಅದು ಊಟ ಅಲ್ವಲ್ಲಪ್ಪ! ಪ್ರಸಾದ ಎಲ್ಲಾದ್ರೂ ಮೈಗೆ ಕೆಟ್ಟದ್ದು ಮಾಡುತ್ತಾ?"

ಅದನ್ನು ತರ್ಜುಮೆ ಮಾಡಿ, ಜೊತೆಗೆ ನನ್ನ ತಪ್ಪನ್ನೂ ಒಪ್ಪಿಕೊಂಡೆ. ಎರಡು ವಾರ ದಿನಾ ಸಂಜೆ ನನ್ನ ಪಾಲಿನ ಪ್ರಸಾದವನ್ನು ಚಪ್ಪರಿಸಿ, ಬಟ್ಟಲು ತೊಳೆದಿಟ್ಟು, ಆಮೇಲೆ ಅದೇ ಕೈಯಲ್ಲಿ ಆ ಪುಸ್ತಕವನ್ನು ಇಂಗ್ಲಿಷಿಗೆ ಇಳಿಸಿದವಳು ನಾನೇ. ಕ್ಲಿನಿಕ್ಕಿನಲ್ಲಿ ಕೂತು ಊರಿಗೆಲ್ಲ ಪಥ್ಯದ ಚೀಟಿ ಹಂಚುವ ಮಹಾತಾಯಿ! ನನಗೂ ಅದು ತಿಂಡಿ ಎಂದು ಹೊಳೆದಿರಲಿಲ್ಲ.

ಬೈಯುತ್ತಾರೆ ಅಂದುಕೊಂಡೆ. ಡಾಕ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, ಬಗ್ಗಿ, ತಮ್ಮ ಬಲಗಾಲಿನ ಶೂ ಬಿಚ್ಚಿದರು, ಸಾಕ್ಸ್ ಎಳೆದರು. ಎರಡು ಬೆರಳು ಇರಲಿಲ್ಲ.

"ನಂಗೂ ಇದೇ ಕಾಯಿಲೆ," ಎಂದರು. "ಅಪ್ಪನ ಫೋಟೋ ಮುಂದೆ ದಿನಾ ಒಂದು ಸಿಹಿ ಬನ್ ಇಡ್ತೀನಿ. ಸಂಜೆ ನಾನೇ ತಿಂತೀನಿ. ಅದು ಅಪ್ಪಂದು, ನಂದಲ್ಲ. ಅದಕ್ಕೇ ನನ್ನ ಡಾಕ್ಟರಿಗೂ ಹೇಳಿಲ್ಲ."

ಅತ್ತೆ ಆ ಪಾದವನ್ನು ತುಂಬ ಹೊತ್ತು ನೋಡಿದರು. "ಈಗ್ಲೂ ತಿಂತಾರಾ ಕೇಳು."

ಎಪ್ಪತ್ತು ದಾಟಿದ ಡಾಕ್ಟರು ತಲೆ ತಗ್ಗಿಸಿ, "ನಿನ್ನೆ ತಿಂದೆ," ಎಂದರು.

ಅತ್ತೆಗೆ ಕೋಪ ನೆತ್ತಿಗೇರಿತು. "ಬುದ್ಧಿ ಬೇಡ್ವಾ ಇವರಿಗೆ! ಮಗನ ಬೆರಳು ಹೋದ್ರೂ ಪರವಾಗಿಲ್ಲ ಅಂತ ಯಾವಪ್ಪ ಸಿಹಿ ಕೊಡ್ತಾನೆ? ಹಾಗೇ ಹೇಳು, ಒಂದಕ್ಷರ ಬಿಡ್ಬೇಡ." ಹಾಗೇ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತೆ ತಮ್ಮ ಕೈಯಲ್ಲಿದ್ದ ಬಟ್ಟಲನ್ನು ನೋಡಿ ಮೆಲ್ಲಗೆ ಕೆಳಗಿಟ್ಟರು.

ಮಾರನೆಯ ದಿನದಿಂದ ನಮ್ಮ ಮನೆಯ ದೇವರಿಗೆ ಸಕ್ಕರೆಯಿಲ್ಲದ ಹಾಲು, ತುಳಸಿ. "ಅವನಿಗೂ ವಯಸ್ಸಾಯ್ತು, ಶುಗರ್ ಇದ್ರೂ ಇರಬಹುದು," ಎಂದರು ಅತ್ತೆ. ಶುಕ್ರವಾರ ಗಾಯದ ಅಂಚು ಕೆಂಪಗಾಗಿತ್ತು, ಜೀವಂತ ಕೆಂಪು. ಡಾಕ್ಟರು ಸರ್ಜನ್‌ಗೆ ಬರೆದಿದ್ದ ಚೀಟಿಯನ್ನು ಹರಿದು ಹಾಕಿದರು. ನಾನು ಮುಂದಿನ ಡೆಸ್ಕಿಗೆ ಹೋಗಿ ಚೆನ್ನಾಗಿ ಅತ್ತು, ರಿಂಗಾಗುತ್ತಿದ್ದ ಫೋನ್ ಎತ್ತಿಕೊಂಡೆ. ಆಮೇಲಿನ ಪ್ರತಿ ಭೇಟಿಯಲ್ಲೂ ತಮ್ಮ ಪಾದ ನೋಡಿಸಿಕೊಂಡ ಮೇಲೆ ಅತ್ತೆ, "ಈಗ ನಿಮ್ದು" ಎಂದು ಅವರ ಶೂ ಕಡೆ ಬೆರಳು ತೋರಿಸುತ್ತಿದ್ದರು. ಡಾಕ್ಟರು ಗೊಣಗುತ್ತ ಶೂ ಬಿಚ್ಚುತ್ತಿದ್ದರು.

ಮೈಸೂರಿಗೆ ಹೊರಡುವ ಹಿಂದಿನ ದಿನ ಅತ್ತೆಯ ಉಂಗುರ ಸ್ವಸ್ಥಾನಕ್ಕೆ ಮರಳಿತ್ತು. ಅವರು ಡಾಕ್ಟರ ಪಾದ ಪರೀಕ್ಷೆ ಮುಗಿಸಿ, ಅಪ್ಪನ ಮುಂದೆ ಈಗ ಏನಿಡುತ್ತಾರೆ ಎಂದು ನನ್ನಿಂದ ಕೇಳಿಸಿದರು.

"ಬರೀ ಟೀ," ಎಂದರು ಡಾಕ್ಟರು. ಬಿಚ್ಚಿದ ಸಾಕ್ಸ್ ಮಡಿಸುತ್ತ ಮುಂದುವರಿಸಿದರು, "ಅಪ್ಪ ಅಂಗಡಿ ಮುಚ್ಚಿ ಬರೋವಾಗ ದಿನಾ ನಂಗೇಂತ ಏನಾದ್ರೂ ತರ್ತಿದ್ರು. ಆ ಬನ್ ತಿಂದಾಗ ಅವರೇ ಕೊಟ್ಟ ಹಾಗಿರ್ತಿತ್ತು. ಈಗ ಸಂಜೆ ಮನೆಗೆ ಹೋದ್ರೆ ಕೊಡೋರು ಯಾರೂ ಇಲ್ಲ."

ನಾನು ತರ್ಜುಮೆ ಮಾಡಿದೆ. ಅತ್ತೆ ಅವರಿಗಿಂತ ಹತ್ತು ವರ್ಷಕ್ಕೆ ಚಿಕ್ಕವರು. ಕೈಚೀಲ ತೆರೆದು, ಪ್ರಯಾಣಕ್ಕೆಂದು ಕಟ್ಟಿಕೊಂಡಿದ್ದ ಹುರಿಗಡಲೆಯಲ್ಲಿ ಒಂದು ಹಿಡಿ ತೆಗೆದು, ಅವರ ಅಂಗೈ ಬಿಡಿಸಿ ಸುರಿದರು.

"ತಿನ್ನು ಮಗನೇ," ಎಂದರು.

ಅದನ್ನು ನಾನು ತರ್ಜುಮೆ ಮಾಡಲಿಲ್ಲ. ಡಾಕ್ಟರು ಬರಿಗಾಲಿನಲ್ಲೇ ಕೂತು, ಒಂದು ಕಾಳೂ ಬಿಡದೆ ತಿಂದರು.